ಬಾಗಿಲಿಗೆ ಬಂದವರಿಗೆ ಬೇಡ ಎನ್ನದ ಮನೆ

ನಮ್ಮ ಮನೆ ಮಸ್ಕಿಯಲ್ಲಿದೆ. ನನ್ನ ಕೆಲಸ ಲಿಂಗಸುಗೂರಿನ ಶಾಲೆಯಲ್ಲಿತ್ತು, ಗಂಡನದು ಸಿಂಧನೂರಿನ ಬೀಜದ ಅಂಗಡಿಯಲ್ಲಿ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಒಟ್ಟಿಗೆ ಬಸ್ ಸ್ಟ್ಯಾಂಡಿಗೆ ನಡೆದುಹೋಗಿ, ಅಲ್ಲಿಂದ ಒಬ್ಬರಿಗೊಬ್ಬರು ಬೆನ್ನು ಮಾಡಿ ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು. ಜಗಳವಾಡಿದವರು ಹೀಗೆ ಮಾಡುತ್ತಾರೆ. ನಾವು ಜಗಳವಾಡದೆಯೇ ಮಾಡುತ್ತಿದ್ದೆವು. ಸಂಜೆ ಮನೆಗೆ ಬರುವಷ್ಟರಲ್ಲಿ ಜಗಳಕ್ಕೂ ತ್ರಾಣ ಉಳಿಯುತ್ತಿರಲಿಲ್ಲ.

ಹಾಗಾಗಿ ಸಿಂಧನೂರಿನ ಒಂದು ಕಾಲೇಜಿನವರು ಗಣಿತ ಕಲಿಸುವವರು ಬೇಕು, ಸಂದರ್ಶನ ಆನ್‌ಲೈನ್‌ನಲ್ಲಿ ಎಂದಾಗ, ನನಗೆ ಕಂಡದ್ದು ಕೆಲಸವಲ್ಲ, ಗಂಡನ ಪಕ್ಕದ ಸೀಟು. ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

ಸಂದರ್ಶನ ನಡೆಯಬೇಕಾದದ್ದು ಪಡಸಾಲೆಯಲ್ಲಿದ್ದ ಲ್ಯಾಪ್‌ಟಾಪಿನಲ್ಲಿ. ಅದರ ಸ್ಥಿತಿ ದೇವರಿಗೇ ಪ್ರೀತಿ. ತೆರೆದ ಕೂಡಲೇ ಮೂಲೆಯಲ್ಲಿ ಟಿಣ್ ಟಿಣ್ ಎಂದು ಸೂಚನೆಗಳು ಏಳುತ್ತಿದ್ದವು. ಹೊಟ್ಟೆ ಕರಗಿಸುವ ಪುಡಿ, ನಾಳಿನ ರಾಶಿಫಲ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ನೀವು ಕಾರು ಗೆದ್ದಿದ್ದೀರಿ. ಕಾರನ್ನು ಎಷ್ಟು ಸಲ ಗೆದ್ದರೂ ನಾವು ಬಸ್ಸಿನಲ್ಲೇ ಓಡಾಡುತ್ತಿದ್ದೆವು.

ಹಗಲು ಹೊತ್ತು ಅದರಲ್ಲಿ ಪ್ರವಚನ ಕೇಳುತ್ತಿದ್ದವರು ನಮ್ಮ ಅತ್ತೆ. ಯಾವ ವೆಬ್‌ಸೈಟ್ ಸೂಚನೆ ಕಳಿಸಲೇ ಎಂದು ಕೇಳಿದರೂ ‘ಅನುಮತಿಸಿ’ ಒತ್ತಿದ್ದರು.

“ಯಾಕ್ರೀ ಅತ್ತಿ, ಎಲ್ಲಾರಿಗೂ ಹೂಂ ಅಂದೀರಿ?”

“ಬಾಗಲಕ ಬಂದು, ಬರ್ಲೇನ್ರಿ ಅಂತ ಕೇಳಾಕತ್ತಾರ. ಕೇಳಿದವ್ರಿಗೆ ಬ್ಯಾಡ ಅಂತಾರೇನು ಯವ್ವಾ?”

ಅವರು ಸುಳ್ಳು ಹೇಳುವವರಲ್ಲ. ಮನೆಯಲ್ಲಿ ಹಿಟ್ಟು ಮುಗಿದಿದ್ದರೂ ಬೇಡುತ್ತ ಬಂದವರಿಗೆ ‘ಇಲ್ಲ’ ಎನ್ನುವುದಿಲ್ಲ, ‘ಮುಂದಿನ ಮನಿಗೆ ಹೋಗಪಾ’ ಎನ್ನುತ್ತಾರೆ. ಬ್ರೌಸರಿನಲ್ಲಿ ಮುಂದಿನ ಮನೆಯ ಗುಂಡಿ ಇಲ್ಲ.

ಅವರ ಮಗ ಇದಕ್ಕೆ ತದ್ವಿರುದ್ಧ. ಸಿಸ್ಟಮ್ ಅಪ್‌ಗ್ರೇಡ್ ಮಾಡಿಕೊಳ್ಳಿ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ‘ನಾಳೆ ನೆನಪಿಸಿ’ ಒತ್ತುವರು. ಹಿಂದೆ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದೇ ಪದ್ಧತಿ. “ನಡ್ಯಾಕತ್ತೈತಿ, ಸುಮ್ನ ಯಾಕ ಕೈ ಹಚ್ತಿ?” ಎನ್ನುವರು. ತಾಯಿ ಎಲ್ಲರನ್ನೂ ಒಳಗೆ ಕರೆಯುವುದು, ಮಗ ಬಾಗಿಲು ರಿಪೇರಿ ಮಾಡುವವನನ್ನು ಓಡಿಸುವುದು. ನನಗೆ ಕೆಟ್ಟ ಸಿಟ್ಟು ಬಂತು.

ಒಂದು ಭಾನುವಾರ ಸೆರಗು ಕಟ್ಟಿ ಕೂತೆ. ಪಾಠಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡು, ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ತುಂಬಿಸಿ, ಚಾರ್ಜರ್ ತೆಗೆಯದೆ ಅಪ್‌ಗ್ರೇಡಿಗೆ ಹಚ್ಚಿದೆ. ಹಾಲು ಕಾಯಲಿಟ್ಟವರ ಹಾಗೆ ಮೂವರೂ ಎದುರಿಗೆ ಕೂತೆವು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಪರದೆಯ ಕೆಳಗೆ ಎಡಕ್ಕಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಬಂದಿತ್ತು, ಅಷ್ಟೇ.

“ಇಷ್ಟಕ್ಕ ಇಷ್ಟೊತ್ತೇನು?” ಎಂದು ಗಂಡ ಎದ್ದು ಹೋದರು.

ಆಮೇಲೆ ಬ್ರೌಸರಿನ ಸೆಟ್ಟಿಂಗಿಗೆ ಹೋಗಿ, ಸೂಚನೆಗಳ ಅನುಮತಿ ಪಡೆದಿದ್ದ ಸೈಟುಗಳನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದೆ. ಪುಡಿಯವರು ಹೋದರು, ಕಾರಿನವರು ಹೋದರು. ನಮ್ಮ ಊರಿನ ಬಂಡೆಯ ಮೇಲೆ ಹಿಂದೆ ಒಬ್ಬ ಅರಸ ಕೊರೆಸಿಟ್ಟ ಸೂಚನೆಯೊಂದಿದೆ. ಅದನ್ನು ಬಿಟ್ಟು ಮಸ್ಕಿಯಲ್ಲಿ ಎಲ್ಲವೂ ಬಂದ್ ಆಯಿತು. ಯಾವ ಸೈಟೂ ಸೂಚನೆಗೆ ಅನುಮತಿ ಕೇಳದಂತೆ ಮಾಡುವ ಒಂದೇ ಗುಂಡಿಯೂ ಅಲ್ಲೇ ಇತ್ತು. ಆದರೆ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಅತ್ತೆಗೇ ಕಲಿಸಬೇಕೆನಿಸಿತು. ಏನು ಕೇಳಿದರೂ ‘ನಿರ್ಬಂಧಿಸಿ’ ಒತ್ತಿ ಎಂದು ಹೇಳಿಕೊಟ್ಟೆ. ಮೊದಲು ಅವರ ಬೆರಳು ಹಿಂಜರಿಯುತ್ತಿತ್ತು. ಒತ್ತಿದ ಮೇಲೆ “ತಪ್ಪು ತಿಳ್ಕೋಬ್ಯಾಡಪಾ” ಎನ್ನುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ರುಚಿ ಹತ್ತಿತು.

ಸಂದರ್ಶನದ ದಿನ ಕಾಲೇಜಿನವರು ಕಳಿಸಿದ ಲಿಂಕನ್ನು ಒತ್ತಿ, ಪುಟ ತೆರೆಯುವಷ್ಟರಲ್ಲಿ ನೆರಿಗೆ ಸರಿಮಾಡಿಕೊಂಡು ಬರೋಣವೆಂದು ಒಳಗೆ ಹೋದೆ. ಅತ್ತೆ ಕಾವಲಿಗಿದ್ದರು.

ಬಂದು ಕೂತರೆ ಪರದೆಯ ಮೇಲೆ ಮೂವರು. ನಮಸ್ಕಾರ ಮಾಡಿದೆ. ಯಾರೂ ತಿರುಗಿ ಮಾಡಲಿಲ್ಲ.

“ಮೇಡಮ್, ನಿಮ್ಮ ಮುಖಾ ಕಾಣಾಕತ್ತಿಲ್ರಿ. ದನೀನೂ ಕೇಳಾಕತ್ತಿಲ್ಲ,” ಎಂದರು ನಡುವಿನವರು. ಪಕ್ಕದವರು ಗಡಿಯಾರ ನೋಡಿದರು.

“ಅತ್ತೀ, ಇದು ಏನರೆ ಕೇಳಿತ್ತೇನು?”

“ಕೇಳಿತ್ತು. ನಿನ್ನ ಮುಖಾ ನೋಡ್ಲೇನು, ದನಿ ಕೇಳ್ಲೇನು ಅಂತ. ಮನಿ ಸೊಸಿ ಮುಖಾ ಕಂಡಕಂಡವ್ರಿಗೆ ತೋರ್ಸಾಕ ಬರ್ತದೇನು? ಚಲೋತ್ನಾಗಿ ಬ್ಯಾಡ ಅಂದೀನಿ.”

ಅವರ ಮುಖದಲ್ಲಿ ಪಾಸಾದ ಮಗುವಿನ ಖುಷಿ. ಜನ್ಮವಿಡೀ ಬಂದವರನ್ನೆಲ್ಲ ಒಳಗೆ ಕರೆದ ಹೆಂಗಸು, ನನಗೆ ಬೇಕಾದ ಮೂವರನ್ನೇ ಹೊರಗಿಟ್ಟಿದ್ದರು. ಬೈಯಲೂ ಆಗಲಿಲ್ಲ. ಕಲಿಸಿದವಳು ನಾನೇ.

ವಿಳಾಸದ ಪಟ್ಟಿಯ ಎಡತುದಿಯ ಚಿಕ್ಕ ಗುರುತನ್ನು ಒತ್ತಿದರೆ ಕ್ಯಾಮೆರಾ, ಮೈಕು ಎರಡರ ಗುಂಡಿಗಳೂ ಸಿಗುತ್ತವೆ. ಎರಡನ್ನೂ ತೆರೆದೆ. ಆದರೆ ಪುಟವನ್ನು ಮತ್ತೆ ಹೊಸದಾಗಿ ತೆರೆದರೇ ಅದು ನಡೆಯುವುದು. ಹಾಗೆ ತೆರೆದಾಗ ಮೂವರೂ ಮಾಯವಾದರು. ಬಿಳಿಯ ಪರದೆಯ ಮೇಲೆ ಒಂದು ಉಂಗುರ ಸುತ್ತುತ್ತಿತ್ತು. ನನಗೆ ಲಿಂಗಸುಗೂರಿನ ಬಸ್ಸೇ ಗತಿ ಎಂದು ಹೆದರಿಕೆಯಾಯಿತು.

ಅವರು ಹೋಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ಕೈಮುಗಿದರು.

“ನಂದ ತಪ್ಪಾಗೇತ್ರೀ. ಬರ್ರಿ, ಒಳಗ ಬರ್ರಿ.”

ಮೂವರೂ ನಕ್ಕರು. ನಡುವಿನವರು ಕೇಳಿದರು, “ಆತು ಬಿಡ್ರಿ. ನಮ್ಮ ಕಾಲೇಜಿಗೇ ಯಾಕ ಬರಬೇಕಂತೀರಿ?”

ಬೋಧನೆ, ವಿದ್ಯಾರ್ಥಿಗಳ ಭವಿಷ್ಯ ಎಂದೆಲ್ಲ ಕಂಠಪಾಠ ಮಾಡಿಟ್ಟಿದ್ದೆ. ಗಾಬರಿಯಲ್ಲಿ ಒಂದೂ ಬರಲಿಲ್ಲ. “ನಮ್ಮನಿಯವ್ರು ಸಿಂಧನೂರು ಬಸ್ಸಿಗೆ ಹೋಗ್ತಾರ್ರಿ. ನನಗೂ ಅದ ಬಸ್ಸಿನ್ಯಾಗ ಹೋಗಬೇಕಂತ ಆಸೆ ಐತಿ,” ಎಂದುಬಿಟ್ಟೆ. ಆಮೇಲೆ ಗಣಿತ ಕೇಳಿದರು. ಅದು ಬಂತು.

ಕೆಲಸ ಸಿಕ್ಕಿತು. ಮೊದಲ ದಿನ ಸಿಂಧನೂರಿನ ಬಸ್ಸು ಹತ್ತಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂತೆ. ಎದುರಿಗಿದ್ದ ಲಿಂಗಸುಗೂರಿನ ಬಸ್ಸು ನಾನಿಲ್ಲದೆ ಹೊರಟಿತು. ಗಂಡ ಅಭ್ಯಾಸದಂತೆ ಹಿಂದಕ್ಕೆ ನಡೆದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಕಂಬಿ ಹಿಡಿದು ನಿಂತರು.

“ಇಲ್ಲೇ ಕುಂದ್ರಲೇನು?” ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, “ಅವತ್ತ ನೀ ಅವ್ರಿಗೆ ಏನಂದಿ, ಅವ್ವ ಎಲ್ಲಾ ಹೇಳ್ಯಾಳ,” ಎಂದರು.

ನಾನು ಕಿಟಕಿಯ ಕಡೆ ಸರಿದು ಜಾಗ ಬಿಟ್ಟೆ.