ಬಾಣಂತಿ ಕೋಣೆಯ ನಾತ

ನವಲಗುಂದ ಕಡೆಯ ಆ ಹಳ್ಳಿಯಲ್ಲಿ ಸಾವಕ್ಕನಷ್ಟು ಸಂಶಯದ ಹೆಂಗಸು ಇನ್ನೊಬ್ಬಳಿರಲಿಲ್ಲ. ಯಮನೂರಿಗೆ ಹೋದರೆ ದರ್ಗಾದ ಹೊರಗೆ ಬಿಟ್ಟ ಚಪ್ಪಲಿಯ ಮೇಲೆಯೇ ಅವಳ ಕಣ್ಣು. ಗಂಡ ಗೂಳಪ್ಪ ನಕ್ಕರೆ ಯಾಕೆ ನಕ್ಕೆ ಎನ್ನುವಳು, ಸುಮ್ಮನಿದ್ದರೆ ಏನು ಮುಚ್ಚಿಟ್ಟಿದ್ದೀ ಎನ್ನುವಳು. ಆ ಪುಣ್ಯಾತ್ಮ ಇಷ್ಟು ವರ್ಷ ಹೇಗೆ ಬಾಳುವೆ ಮಾಡಿದನೋ ಶಿವನಿಗೇ ಗೊತ್ತು.

ಎಂಬತ್ನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಮಗಳು ಲಕ್ಷ್ಮವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು. ಸಾವಕ್ಕನಿಗೆ ಹಿಗ್ಗಿಗಿಂತ ಅಂಜಿಕೆಯೇ ಹೆಚ್ಚಾಯಿತು. ಗಾಳಿ ತಾಗಬಾರದೆಂದು ಬಾಣಂತಿ ಕೋಣೆಯ ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದಳು. ತಾಯಿ ಕೂಸಿಗೆ ಎರೆಯಲು ಬರುತ್ತಿದ್ದ ಸೂಲಗಿತ್ತಿ ಮಲ್ಲಕ್ಕ ಅಂಗಳದ ಒಲೆಯ ಮೇಲೆ ನೀರು ಕಾಸುತ್ತಿದ್ದಳು. ಅದೂ ಸಾವಕ್ಕನಿಗೆ ಸೇರಲಿಲ್ಲ. ಬಯಲಲ್ಲಿಟ್ಟ ನೀರಿಗೆ ಯಾರು ಏನು ಹಾಕಿದರೋ, ಯಾರ ಕಣ್ಣು ಬಿತ್ತೋ! ಒಲೆಯನ್ನೂ ಹಂಡೆಯನ್ನೂ ಬಾಣಂತಿ ಕೋಣೆಯ ಮೂಲೆಗೇ ತರಿಸಿ, ಇನ್ನು ನನ್ನ ಕಣ್ಣ ಮುಂದೆಯೇ ಕಾಯಲಿ ಎಂದಳು.

ಅಂದಿನಿಂದ ಕೂಸು ಕೆಮ್ಮತೊಡಗಿತು. ಹಾಲು ಕುಡಿಯುವಾಗ ಉಸಿರು ಸಿಕ್ಕಿಕೊಂಡು ತುಟಿ ನೀಲಿಗಟ್ಟುತ್ತಿತ್ತು. ಕೋಣೆಯ ತುಂಬ ಹತ್ತಿಯ ಹುಳಕ್ಕೆ ಹೊಡೆಯುವ ಗ್ಯಾಮಾಕ್ಸಿನ್ ಪುಡಿಯ ಮುಗ್ಗಲು ನಾತ. ಪುಡಿಯ ಚೀಲವನ್ನು ಮನೆಯೊಳಗೆ ತಂದವರೇ ಇಲ್ಲ. ಹೊರಗಿನಿಂದ ಬರುವವಳು ಮಲ್ಲಕ್ಕ ಒಬ್ಬಳೇ. ಸಾವಕ್ಕ ಅವಳ ಚೀಲ ಸುರುವಿ ನೋಡಿದಳು. ಔಡಲೆಣ್ಣೆ, ಅಜಿವಾನ, ಬಜೆ ಬೇರು, ಅಷ್ಟೇ. ಆದರೂ ಬಿಡದೆ ಉಡಿ ಝಾಡಿಸು ಎಂದಳು.

ಮಲ್ಲಕ್ಕ ಉಡಿ ಝಾಡಿಸಿದಳು. “ನಿನ್ನ ಮಗಳನ್ನೂ ಇದ ಕೈಲೆ ಹಿಡದೇನ್ಬೇ ಸಾವಕ್ಕ. ಇನ್ನ ಈ ಹೊಸ್ತಲಾ ತುಳ್ಯಾಂಗಿಲ್ಲ” ಎಂದು ಹೊರಟುಹೋದಳು.

ಮರುದಿನ ಸಾವಕ್ಕನೇ ಎರೆಯಲು ಕುಳಿತಳು. ಹಂಡೆಯ ಮುಚ್ಚಳ ತೆಗೆದದ್ದೇ ತಡ, ಹಬೆ ಮುಖಕ್ಕೆ ಬಡಿಯಿತು. ಅದರ ತುಂಬ ಅದೇ ನಾತ. ಬಾಜೂ ಕೊಡದಲ್ಲಿದ್ದ ತಣ್ಣೀರು ಮೂಸಿದಳು, ಏನೂ ಇಲ್ಲ. ಎರಡೂ ಒಂದೇ ಕೆರೆಯ ನೀರು. ತಣ್ಣಗಿದ್ದಾಗ ನೀರಿನಲ್ಲಿ ಅಡಗಿ ಕೂತಿದ್ದ ವಿಷ ಕಾದೊಡನೆ ಗಾಳಿಗೆ ಏಳುತ್ತಿತ್ತು. ಸಂದಿಯೂ ಇಲ್ಲದ ಆ ಕೋಣೆಯಲ್ಲಿ ಅದು ಕೂಸಿನ ಎದೆಗಲ್ಲದೆ ಇನ್ನೆಲ್ಲಿಗೆ ಹೋದೀತು? ಮಲ್ಲಕ್ಕನ ಮುಖ ನೆನಪಾಗಿ ಸಾವಕ್ಕನಿಗೆ ನಾಚಿಕೆಯಾಯಿತು. ಆದರೆ ಸಂಶಯ ಸತ್ತಿರಲಿಲ್ಲ. ಕೆರೆಗೆ ಪುಡಿ ಸುರಿದವರನ್ನು ಬಾಯಿಗೆ ಬಂದಂತೆ ಬೈದು, ಅವರ ಹೆಸರು ಹೇಳು ಎಂದು ಗೂಳಪ್ಪನ ಬೆನ್ನುಹತ್ತಿದಳು.

“ಯಾರಂತ ಹೇಳ್ಲಿ? ಕಾಲುವಿ ನೀರು ಬಂದಾಗಿಂದ ಎಲ್ಲಾರೂ ಹತ್ತಿಗೆ ಪುಡಿ ಹೊಡಿತೀವಿ. ಮಳಿ ಬಂದ್ರ ಹೊಲದ ನೀರೆಲ್ಲಾ ಕೆರಿಗೇ ಇಳಿತೈತಿ,” ಎಂದ ಗೂಳಪ್ಪ. ಆಮೇಲೆ ತಲೆ ತಗ್ಗಿಸಿ, “ಕೆರಿ ದಂಡಿಗೆ ಇರೋದು ನಮ್ಮ ಹೊಲಾನ” ಎಂದ.

ಸಾವಕ್ಕ ಒಲೆ ಆರಿಸಿ, ಹಂಡೆಯನ್ನು ಅಂಗಳಕ್ಕೆ ಎಳೆಸಿ, ಸಂದಿಯ ಸೀರೆಗಳನ್ನೆಲ್ಲ ಕಿತ್ತು ಕಿಟಕಿ ತೆರೆದಳು. ಕೂಸನ್ನು ಎದೆಗವಚಿಕೊಂಡು ಗಾಳಿಗೆ ನಿಂತಳು. ಮಧ್ಯಾಹ್ನದ ಬಿಸಿಲಿಗೆ ಕೆರೆ ಕಾದಿತ್ತು. ಅದರ ಮೇಲಿಂದ ಬೀಸಿಬಂದ ಗಾಳಿಗೂ ಅದೇ ನಾತ. ಕೂಸು ಕೆಮ್ಮಿತು. ಮುಚ್ಚಬೇಕೋ ತೆರೆದಿಡಬೇಕೋ ತಿಳಿಯದೆ ಸಾವಕ್ಕ ಕಿಟಕಿಯ ಕದ ಹಿಡಿದು ಹಾಗೇ ನಿಂತಳು.