ಡೋರಿನ್ ಮಿಸ್ ಮನೆಯ ಪಿಯಾನೋ ಬೆಂಚು

ಲಿಂಗರಾಜಪುರದ ಡೋರಿನ್ ಮಿಸ್ ಮನೆಯಲ್ಲಿ ಪಿಯಾನೋ ಕಲಿಯುತ್ತಿದ್ದ ಆ ದಿನಗಳಲ್ಲಿ ನಮಗೆಲ್ಲ ಒಂದು ಕಾಯಿದೆ ಇತ್ತು. ಯಾರು ನುಡಿಸಿದರೂ ತಪ್ಪು ಹೇಳಬಹುದು, ಆದರೆ ಹೇಳಿದವರು ಬೆಂಚಿನ ಮೇಲೆ ಕೂತು ಅದನ್ನು ನುಡಿಸಿ ತೋರಿಸಬೇಕು. "ಬಾಯಲ್ಲಿ ಯಾಕೆ, ಕೈಯಲ್ಲಿ ಹೇಳು ಮ್ಯಾನ್," ಎನ್ನುತ್ತಿದ್ದರು ಮಿಸ್. ಹಾಗಾಗಿ ನಮ್ಮ ಟೀಕೆಯೆಲ್ಲ "ಜರುಗು" ಎಂದೇ ಶುರುವಾಗುತ್ತಿತ್ತು.

ನಾನು ಇನ್ಶೂರೆನ್ಸ್ ಕಾಲೋನಿಯ ಹುಡುಗಿ, ಹತ್ತು ವರ್ಷದವಳು. ಜಂಬಕ್ಕೇನೂ ಕಮ್ಮಿ ಇರಲಿಲ್ಲ. ಆ ಡಿಸೆಂಬರಿನಲ್ಲಿ ಚರ್ಚ್ ಹಾಲಿನ ಕ್ರಿಸ್‌ಮಸ್ ಸಂಜೆಗೆ ವಾಲ್ಟ್ಸ್ ಎಂಬ ಹಳೆಯ ಕುಣಿತದ ಧಾಟಿಯೊಂದನ್ನು ನುಡಿಸಲು ಮಿಸ್ ನಮ್ಮಲ್ಲಿ ಒಬ್ಬರನ್ನೇ ಕಳಿಸುವವರಿದ್ದರು. ಆ ಒಬ್ಬಳು ನಾನೇ ಎಂದುಕೊಂಡು ಅಮ್ಮನನ್ನು ಕಾಡಿ ಹೊಸ ಫ್ರಾಕನ್ನೂ ಹೊಲಿಸಿಕೊಂಡಿದ್ದೆ. ಅದೇ ಅವಕಾಶದ ಮೇಲೆ ಕಣ್ಣಿಟ್ಟಿದ್ದವನು ಮಿಸ್ ಮನೆಯ ಪಕ್ಕದ ಬೀದಿಯಿಂದ ಕಲಿಯಲು ಬರುತ್ತಿದ್ದ ಅರುಳ್.

ಆಯ್ಕೆಯ ದಿನ ಅಡುಗೆಮನೆಯಲ್ಲಿ ಮಿಸ್ ಹಬ್ಬಕ್ಕೆಂದು ಕರಿದಿಟ್ಟಿದ್ದ ಕಲ್‌ಕಲ್‌ಗಳ ಸಿಹಿ ವಾಸನೆ. ಪಿಯಾನೋ ಮುಚ್ಚಳ ತೆರೆದರೆ ನುಸಿಗುಳಿಗೆಯ ಘಾಟು. ನುಡಿಸಿ ಮುಗಿಸಿ, ಹೊಗಳಿಕೆಗಾಗಿ ತಿರುಗಿದೆ. ಅರುಳ್ ಆಗಲೇ ಎದ್ದು ಬಂದಿದ್ದ.

"ಜರುಗು. ಈಸಿ ಇರೋ ಕಡೆ ಆರಾಮಾಗಿ ಹೋಗ್ತೀಯ, ಕಷ್ಟದ ಜಾಗ ಬಂದ್ರೆ ನಾಯಿ ಅಟ್ಟಿಸ್ಕೊಂಡ್ ಬಂದಂಗೆ ಓಡ್ತೀಯ."

"ಎಲ್ಲಿ ಓಡ್ದೆ? ತೋರ್ಸು ನೋಡೋಣ!"

ತೋರಿಸಿದ. ನಾನು ಓಡಿಸಿಬಿಡುತ್ತಿದ್ದ ಆ ಸಾಲಿನಲ್ಲಿ ಅಷ್ಟು ಚೆಂದದ ರಾಗ ಇದೆಯೆಂದು ಅವತ್ತೇ ಕೇಳಿಸಿದ್ದು. ಮೈಯೆಲ್ಲ ಉರಿಯಿತು. ಅವನ ಎಡಗೈ ಸದ್ದಿಗೆ ಅದೇ ರಾಗ ಅರ್ಧ ಮುಳುಗಿದ್ದೂ ಕೇಳಿಸಿತು.

"ಈಗ ನೀನ್ ಜರುಗು. ಎಡಗೈಲಿ ಏನು ಕಾರ ರುಬ್ತಿದೀಯಾ?"

ಹೀಗೆ ಒಬ್ಬರನ್ನೊಬ್ಬರು ಜರುಗಿಸುವಷ್ಟರಲ್ಲಿ ಕಲ್‌ಕಲ್ ತಣ್ಣಗಾದವು. ಕೊನೆಗೆ ಮಿಸ್ ಇಬ್ಬರಿಂದಲೂ ಮತ್ತೊಮ್ಮೆ ಪೂರ್ತಿ ನುಡಿಸಿ ಕೇಳಿದರು.

"ನೀನ್ ಹೇಳಿದ್ದು ಇವಳ ಕೈಗೆ ಹೋಯ್ತು, ಅರುಳ್. ಇವಳು ಹೇಳಿದ್ದು ನಿನ್ನ ಕೈಗೆ ಇನ್ನೂ ಹೋಗಿಲ್ಲ. ಈ ಸಲ ಇವಳು ಹೋಗ್ಲಿ."

ಅವನ ಮುಖ ಸಣ್ಣಗಾಯಿತು. ಗೆದ್ದ ಖುಷಿಯಲ್ಲೂ ನನಗೆ ಪಿಚ್ಚೆನಿಸಿತು.

ಚರ್ಚ್ ಹಾಲಿನಲ್ಲಿ ಆ ಕಷ್ಟದ ಸಾಲು ಬಂದಾಗ ನಾನು ಓಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅರುಳ್ ಬಾಯ್ತುಂಬ ಕೇಕ್ ಇಟ್ಟುಕೊಂಡೇ ಬಂದ.

"ಚೆನ್ನಾಗಿತ್ತು ಕಣೇ. ಕೊನೇಲಿ ಪೆಡಲ್ ಬಿಡೋದ್ ಮರ್ತೆ."

ಆ ಸಂಜೆ ಸಿಕ್ಕ ಮೆಚ್ಚುಗೆಯಲ್ಲಿ ಇವತ್ತಿಗೂ ನೆನಪಿರುವುದು ಅದೊಂದೇ.

ಈಗ ಇಂದಿರಾನಗರದ ಸಣ್ಣಪುಟ್ಟ ಸಂಗೀತ ಕಚೇರಿಗಳಲ್ಲಿ ನುಡಿಸುತ್ತೇನೆ, ಚೆನ್ನಾಗಿಯೇ ನುಡಿಸುತ್ತೇನೆ. ಮನೆ ಮುಟ್ಟುವಷ್ಟರಲ್ಲಿ ಫೋನಿನ ತುಂಬ "ಸೂಪರ್"ಗಳು ಬಂದು ಬಿದ್ದಿರುತ್ತವೆ. ಡೋರಿನ್ ಮಿಸ್ ಇಲ್ಲ. ಅರುಳ್ ಯಾವ ಊರಲ್ಲಿದ್ದಾನೋ ತಿಳಿಯದು. ಮೊನ್ನೆ ಆ ವಾಲ್ಟ್ಸನ್ನೇ ನುಡಿಸುವಾಗ ಅದೇ ಸಾಲಿನಲ್ಲಿ ಓಡಿಬಿಟ್ಟೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಅದು ನಿಂತ ಮೇಲೂ ಸ್ವಲ್ಪ ಹೊತ್ತು ಬೆಂಚಿನಿಂದ ಏಳದೆ ಕೂತಿದ್ದೆ. ಯಾರೂ ಬಂದು ಜರುಗು ಎನ್ನಲಿಲ್ಲ.