ಮಗುವಿನ ಅಳತೆಯ ಪಿಟೀಲು

ಆ ಮನೆಯ ನಡುಕೋಣೆಗೆ ಮೂರು ಬಾಗಿಲು. ಒಂದು ಬೀದಿಗೆ, ಒಂದು ಅಡುಗೆಮನೆಗೆ, ಇನ್ನೊಂದು ಬಚ್ಚಲಿಗೆ. ಮೂರರ ಹಾದಿಯೂ ಕೂಡುವಲ್ಲಿ ಅವಳ ಹೊಲಿಗೆ ಯಂತ್ರ. ಹೋಗುವವರು, ಬರುವವರು ಎಲ್ಲರೂ ಅವಳ ಮೊಣಕೈ ಸವರಿಕೊಂಡೇ ದಾಟಬೇಕು. ರಾತ್ರಿ ಯಂತ್ರವನ್ನು ಗೋಡೆಗೆ ಸರಿಸಿ ಅಲ್ಲೇ ಹಾಸಿಗೆ ಬಿಡಿಸುತ್ತಿದ್ದಳು.

ಬೀದಿಗೆಲ್ಲ ಅವಳು ಮಿಷಿನ್ ಅತ್ತೆ. ನಿಜಕ್ಕೂ ಅತ್ತೆ ಎನ್ನಬೇಕಾದವಳು ತಮ್ಮನ ಮಗಳೊಬ್ಬಳೇ. ಉಳಿದವರು ಆ ಹುಡುಗಿಯ ಬಾಯಿಂದ ಕಲಿತುಕೊಂಡರು. ಮದುವೆಯ ಮಾತು ಬಂದಾಗ ತಾಯಿ ಹಾಸಿಗೆ ಹಿಡಿದಿದ್ದರು. ತಾಯಿ ಹೋಗುವಷ್ಟರಲ್ಲಿ ಆ ಮಾತನ್ನು ಎತ್ತುವವರೇ ಇರಲಿಲ್ಲ. ತಮ್ಮ, ತಮ್ಮನ ಹೆಂಡತಿ ಯಾರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದು ದಿನ ಜಗಳವಾಡಿ ಎದ್ದು ಹೋಗಬಹುದಿತ್ತು.

ಪಿಟೀಲಿನ ಆಸೆ ಹುಟ್ಟಿದ್ದು ಒಂದು ಶಾಲೆಯಲ್ಲಿ. ಸಂಗೀತದ ಮಕ್ಕಳಿಗೆ ಕೋಟು ಹೊಲಿಯಲು ಅಳತೆ ತೆಗೆಯುತ್ತಿದ್ದಾಗ ಅವಳ ಕಣ್ಣು ಮತ್ತೆ ಮತ್ತೆ ಮೇಜಿನ ಮೇಲಿದ್ದ ಪಿಟೀಲಿನತ್ತ ಹೋಗುವುದನ್ನು ಸಂಗೀತದ ಮೇಡಂ ಕಂಡರು. "ಹಿಡಿದು ನೋಡಿ, ಕಚ್ಚಲ್ಲ" ಎಂದು ಪಿಟೀಲನ್ನು ಅವಳ ಗಲ್ಲದ ಕೆಳಗಿಟ್ಟು, ಕಮಾನನ್ನು ಕೈಗೆ ಕೊಟ್ಟರು. ಅವಳು ಒಮ್ಮೆ ಎಳೆದಳು. ಬಾಗಿಲು ಕಿರುಗುಟ್ಟಿದಂಥ ದನಿ. ಮಕ್ಕಳು ನಕ್ಕರು. ಆದರೆ ಆ ದನಿ ಅವಳಿಗೆ ಕಿವಿಯಿಂದ ಬಂದಿರಲಿಲ್ಲ. ದವಡೆಯ ಮೂಳೆಯಿಂದ ಹೊಕ್ಕು ಎದೆಗೂಡಿನಲ್ಲಿ ನಿಂತಿತ್ತು. ತನ್ನೊಳಗೆ ಅಷ್ಟು ಜಾಗವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಸಂಜೆ ದೊಡ್ಡವರಿಗೂ ಹೇಳ್ಕೊಡ್ತೀನಿ. ಅಗ್ಗದ್ದೇ ಆಗಲಿ, ನಿಮ್ಮದು ಅಂತ ಒಂದು ಇರಬೇಕು ಅಷ್ಟೇ" ಎಂದರು ಮೇಡಂ.

ನಿಮ್ಮದು ಅಂತ. ಆ ಮಾತನ್ನು ಮನೆಗೆ ತರುವುದು ಹೇಗೆ? ಕೂದಲು ನರೆತ ಹೆಂಗಸು ಪಿಟೀಲು ಬೇಕೆಂದರೆ ಬೀದಿಯೇ ನಗುತ್ತದೆ. ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಲೇ, "ನಮ್ಮ ಪುಟ್ಟಿಗೆ ಪಿಟೀಲು ಕಲಿಸೋಣ ಅಂತಿದ್ದೆ. ನಾನೇ ಕೊಡಿಸ್ತೀನಿ" ಎಂದಳು. ಮಗು ಅರ್ಧ ಗಂಟೆ ನುಡಿಸಲಿ. ಮಿಕ್ಕ ಹೊತ್ತು ಅದು ತನ್ನದೇ ಎಂಬುದು ಅವಳ ಲೆಕ್ಕ.

"ಈ ಮನೇಲಿ ಪಿಟೀಲು ಕುಯ್ಯೋರು ಇನ್ನೊಬ್ಬರು ಬೇಕಿತ್ತಾ?" ಎಂದು ತಮ್ಮ ಹೆಂಡತಿಯ ಕಡೆ ನೋಡಿ ನಕ್ಕ.

"ನನ್ನನ್ನ ಯಾಕ್ರೀ ನೋಡ್ತೀರ?" ಎಂದು ಅವಳು ಸೌಟು ಕುಕ್ಕಿದಳು. ಬೇಡ ಎಂದು ಯಾರೂ ಹೇಳದ್ದರಿಂದ ಮಾತು ಅಲ್ಲಿಗೆ ಇತ್ಯರ್ಥವಾಯಿತು.

ಅಕ್ಕ ಒಬ್ಬಳೇ ಹೋಗಿ ತರಬೇಕೆಂದಿದ್ದಳು. ತಮ್ಮ ಕೇಳಲಿಲ್ಲ. "ಮಗೂಗೆ ತಗೊಳ್ಳೋದಕ್ಕೆ ಮಗೂನೇ ಬೇಡ್ವಾ ಅಕ್ಕ?" ಎಂದು ಮಗಳ ಕೈ ಹಿಡಿದು ಹೊರಟೇಬಿಟ್ಟ.

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಗೋಡೆಯ ತುಂಬ ಪಿಟೀಲುಗಳು ನೇತಾಡುತ್ತಿದ್ದವು. ಅಂಗಡಿಯವನು ಮೇಜಿನ ಖಾನೆಯಿಂದ ಒಂದು ಟೇಪು ತೆಗೆದು, ಪುಟ್ಟಿಯ ಎಡಗೈಯನ್ನು ಉದ್ದಕ್ಕೆ ಚಾಚಿಸಿ, ಕುತ್ತಿಗೆಯಿಂದ ಅಂಗೈಯ ನಡುವಿನವರೆಗೆ ಅಳೆದ. ಅತ್ತೆ ಆ ಟೇಪನ್ನೇ ನೋಡಿದಳು.

"ಇವಳಿಗೆ ಅರ್ಧ ಸೈಜು ಸಾಕು" ಎಂದು ಅವನು ಕೆಳಗಿನ ಸಾಲಿನಿಂದ ಒಂದು ಚಿಕ್ಕ ಪಿಟೀಲು ತೆಗೆದ.

ಪಿಟೀಲಿಗೂ ಮೈಯಳತೆ ಇರುತ್ತದೆಂದು ಅತ್ತೆಗೆ ಹೊಳೆದೇ ಇರಲಿಲ್ಲ. ಒಬ್ಬರ ಅಳತೆಗೆ ಹೊಲಿದದ್ದನ್ನು ಇನ್ನೊಬ್ಬರಿಗೆ ಎಂದೂ ತೊಡಿಸದ ಹೆಂಗಸು, ಒಂದೇ ಪಿಟೀಲಿನಲ್ಲಿ ಇಬ್ಬರಿಗಾಗುತ್ತದೆಂದು ನಂಬಿ ಬಂದಿದ್ದಳು.

"ಬೆಳೆಯೋ ಮಗು. ಸ್ವಲ್ಪ ದೊಡ್ಡದೇ ಕೊಡಿ" ಎಂದಳು. ಗಿರಾಕಿಗಳು ದಿನಾ ತನ್ನೆದುರು ನಿಂತು ಹೇಳುವ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವಳಿಗೆ ನಾಚಿಕೆಯಾಯಿತು.

"ಬಟ್ಟೆ ಆದ್ರೆ ಒಳಗೆ ಮಡಚಿ ಹೊಲೀಬಹುದು ಅಮ್ಮಾ. ಇದನ್ನ ಎಲ್ಲಿ ಮಡಚ್ತೀರ?"

ತಮ್ಮ ಗಹಗಹಿಸಿ ನಕ್ಕ. "ಸರಿಯಾಗಿ ಹೇಳಿದ್ರಿ! ನಮ್ಮಕ್ಕನೂ ದರ್ಜೀನೇ."

"ದೊಡ್ಡದರಲ್ಲೂ ಅಗ್ಗದ್ದಿದೆ" ಎಂದ ಅಂಗಡಿಯವನು. ತಂತಿ ಸುತ್ತುವ ಬಿರಡೆ ಕೊಂಚ ಜಾರುತ್ತದೆ, ತಂತಿ ಆಗಾಗ ಬಿಗಿಯಬೇಕು, ಕಲಿಯುವವರಿಗೆ ಧಾರಾಳ ಸಾಕು ಎಂದೆಲ್ಲ ಹೇಳಿ ಅವಳ ಮುಖ ನೋಡಿದ. "ತೆಗೀಲಾ? ಯಾರಿಗೆ ಬೇಕಿತ್ತು?"

ನನಗೆ. ಮೂರೇ ಅಕ್ಷರ. ತಮ್ಮ ಇನ್ನೂ ನಗುಮುಖದಲ್ಲೇ ನಿಂತಿದ್ದ. ಪುಟ್ಟಿ ಬಾಯಿ ತೆರೆದುಕೊಂಡು ಅತ್ತೆಯನ್ನೇ ನೋಡುತ್ತಿದ್ದಳು.

"ಯಾರಿಗೂ ಇಲ್ಲ. ಚಿಕ್ಕದೇ ಕಟ್ಟಿ" ಎಂದಳು.

ಮನೆಯಲ್ಲಿ ಪುಟ್ಟಿಗೆ ಒಂದು ವಾರ ಹುರುಪು. ಆಮೇಲೆ ಸಂಜೆಯಾದರೆ ಮುಖ ಗಂಟು. ಗಲ್ಲದ ಕೆಳಗೆ ಕೆಂಪಗೆ ಬರೆ ಎದ್ದಿತ್ತು, ಬೆರಳ ತುದಿ ಉರಿಯುತ್ತಿತ್ತು. ಹೊರಗೆ ಓರಗೆಯವರು ಓಡಾಡುವ ಸದ್ದು. ಆದರೆ ತಮ್ಮ ಬಿಡುತ್ತಿರಲಿಲ್ಲ. ಯಂತ್ರದ ಪಕ್ಕದಲ್ಲೇ ಮಗಳನ್ನು ನಿಲ್ಲಿಸಿ, ಬಾಗಿಲಿಗೆ ಅಡ್ಡ ನಿಂತು, "ಅತ್ತೆ ಅಷ್ಟು ಆಸೆಪಟ್ಟು ತಂದಿದ್ದಾಳೆ. ಬಿಟ್ಟುಬಿಟ್ರೆ ಅವಳ ಮನಸ್ಸಿಗೆ ಎಷ್ಟು ನೋವಾಗುತ್ತೆ! ಹೂಂ, ಎಳಿ" ಎನ್ನುತ್ತಿದ್ದ.

ದಿನವೂ ಅದೇ. ತಲೆ ತಗ್ಗಿಸಿ ಅಂಗಿಗೆ ತೋಳು ಕೂಡಿಸುತ್ತ ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ತನ್ನ ಹೆಸರಿನಲ್ಲೇ ಆ ಮಗುವನ್ನು ಕಟ್ಟಿಹಾಕುತ್ತಿದ್ದರು. ಒಂದು ಸಂಜೆ ಪುಟ್ಟಿ ಅಳಲೂ ಇಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಕಮಾನು ಎತ್ತಿಕೊಂಡಳು. ಆ ನೋಟದ ಪರಿಚಯ ಅತ್ತೆಗೆ ಚೆನ್ನಾಗಿತ್ತು.

ಯಂತ್ರ ನಿಂತಿತು.

"ಬಿಡೋ ಅವಳನ್ನ. ಪಿಟೀಲು ಬೇಕಾಗಿದ್ದು ನನಗೆ."

"ಏನು?"

"ನನಗೆ ಕಲೀಬೇಕಿತ್ತು. ಮಗು ಹೆಸರು ಹೇಳಿದೆ. ಅದನ್ನ ಆಡೋಕೆ ಬಿಡು."

ಪುಟ್ಟಿ ಅಪ್ಪನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಇಬ್ಬರ ಮನಸ್ಸೂ ಬದಲಾಗುವ ಮುನ್ನ ಪಿಟೀಲನ್ನು ಬಟ್ಟೆ ರಾಶಿಯ ಮೇಲಿಟ್ಟು, ಅಪ್ಪನ ಕಂಕುಳಡಿ ನುಸುಳಿ ಓಟ ಕಿತ್ತಳು.

ತಮ್ಮ ನಗಲು ಹೋಗಿ ನಿಲ್ಲಿಸಿದ. "ಅಂಗಡೀಲೇ ಹೇಳಬಾರದಿತ್ತಾ ಅಕ್ಕ? ಇದು ನಿನ್ನ ಅಳತೆಗೆ ಆಗಲ್ವಲ್ಲ."

"ಆಗಲ್ಲ."

ಅಡುಗೆಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಮುಖದಲ್ಲಿ ಹಾಸ್ಯವಿರಲಿಲ್ಲ, ಕೊಂಕೂ ಇರಲಿಲ್ಲ. "ಅಲ್ಲ ಅತ್ತಿಗೆ, ದೊಡ್ಡದು ತಂದಿದ್ರೂ ಎಲ್ಲಿ ಕೂತು ನುಡಿಸ್ತಿದ್ರಿ?" ಎಂದು ಕೇಳಿದಳು. ನಿಜವಾಗಿ ಕೇಳಿದ್ದಳು. ಮೂವರೂ ಕೋಣೆಯ ಸುತ್ತ ಕಣ್ಣಾಡಿಸಿದರು.

"ಗೊತ್ತಿಲ್ಲ ಕಣೇ" ಎಂದಳು ಅವಳು.

ಬೀದಿಬಾಗಿಲಲ್ಲಿ ಯಾರೋ ಪ್ಯಾಂಟು ಹಿಡಿದು ನಿಂತಿದ್ದರು. "ಮಿಷಿನ್ ಅತ್ತೆ, ಇದರ ಉದ್ದ ಚೂರು ಕಡಿಮೆ ಮಾಡ್ಕೊಡ್ತೀರಾ? ಈಗ್ಲೇ ಬೇಕಿತ್ತು."

ಎಂದಿನಂತೆ "ಬನ್ನಿ" ಎನ್ನಲು ಹೊರಟವಳು ತಡೆದುಕೊಂಡಳು. "ಸ್ವಲ್ಪ ಅಲ್ಲೇ ಇರಿ" ಎಂದು, ಬಟ್ಟೆ ರಾಶಿಯಿಂದ ಜಾರುತ್ತಿದ್ದ ಪಿಟೀಲನ್ನು ಎತ್ತಿಕೊಂಡಳು. ಅದನ್ನಿಡಲು ಒಂದು ಜಾಗ ಹುಡುಕುತ್ತ, ಅದನ್ನು ಹಿಡಿದುಕೊಂಡೇ ಕೋಣೆಯ ನಡುವೆ ನಿಂತಳು.